ಓದಿ ತೋರಿಸಿ, ಆಮೇಲೆ ಓಟು

ಈಸಾ ಜೆಂಕಿನ್ಸ್ ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕರಾವಳಿಯಲ್ಲಿ, ಚಾರ್ಲ್ಸ್‌ಟನ್ ನಗರದ ಪಕ್ಕದಲ್ಲಿ, ಜಾನ್ಸ್ ಐಲ್ಯಾಂಡ್ ಎಂಬ ದ್ವೀಪವಿದೆ. ಅವರು ಅಲ್ಲಿಯವರು. ಆಗ ದ್ವೀಪದ ಹೆಚ್ಚಿನ ಜನ ಗುಲಾಮರಾಗಿ ಬಂದ ಕಪ್ಪು ಜನರ ಮೊಮ್ಮಕ್ಕಳು, ಮರಿಮಕ್ಕಳು. ಹೊಲದ ಕೆಲಸ ಬಿಟ್ಟರೆ ಕೂಲಿಗೆ ಚಾರ್ಲ್ಸ್‌ಟನ್ನಿಗೇ ಹೋಗಬೇಕು. ಜೆಂಕಿನ್ಸ್ ಒಂದು ಬಸ್ಸು ಇಟ್ಟುಕೊಂಡು ಬೆಳಿಗ್ಗೆ ಅವರನ್ನು ಊರಿಗೆ ಕರೆದೊಯ್ದು ಸಂಜೆ ಮನೆಗೆ ಬಿಡುತ್ತಿದ್ದರು.

ಆ ಬಸ್ಸಿನಲ್ಲಿ ಬರುತ್ತಿದ್ದವರಲ್ಲಿ ಆಲಿಸ್ ವೈನ್ ಎಂಬ ಹೆಂಗಸು ಒಬ್ಬರು. ಒಂದು ದಿನ ಅವರು ಜೆಂಕಿನ್ಸರ ಬಳಿ ಒಂದು ಮಾತು ಕೇಳಿದರು. ತನಗೆ ಹೆಚ್ಚು ಶಾಲೆ ಕಲಿಯಲು ಆಗಲಿಲ್ಲ, ಆದರೆ ನಾಲ್ಕು ಜನರ ಎದುರು ತಲೆಯೆತ್ತಿ ನಿಲ್ಲಬೇಕು, ಓಟು ಹಾಕಬೇಕು. ಕಾನೂನಿನ ಆ ಭಾಗವನ್ನು ಹೇಳಿಕೊಟ್ಟರೆ ಕಲಿಯುತ್ತೇನೆ, ಕಲಿತರೆ ಖಂಡಿತ ಹೆಸರು ನೋಂದಾಯಿಸಿ ಓಟು ಹಾಕುತ್ತೇನೆ, ಎಂದು. 1950ರ ದಶಕದ ಮೊದಲ ವರ್ಷಗಳ ಮಾತು ಇದು.

ಓಟು ಹಾಕಲು ಕಾನೂನು ಕಲಿಯುವುದು ಏಕೆ? ಏಕೆಂದರೆ ಸೌತ್ ಕೆರೊಲಿನಾದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದವರು ನೋಂದಣಿ ಅಧಿಕಾರಿಯ ಎದುರು ರಾಜ್ಯ ಸಂವಿಧಾನದ ಒಂದು ಭಾಗವನ್ನು ಓದಬೇಕಿತ್ತು, ಬರೆಯಬೇಕಿತ್ತು. ಯಾವ ಭಾಗ ಎಂದು ಆರಿಸುವವನು ಅಧಿಕಾರಿ. ಓದಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನೂ ಅವನೇ.

ಜೆಂಕಿನ್ಸ್ ಒಪ್ಪಿದರು. ಸಂವಿಧಾನದ, ಚುನಾವಣಾ ಕಾನೂನಿನ ಭಾಗಗಳ ಪ್ರತಿ ಮಾಡಿಸಿ ಬಸ್ಸಿನಲ್ಲಿ ಹಂಚಿದರು. ಜನ ಬರುವ ಮುಂಚೆ ನಿಂತ ಬಸ್ಸಿನಲ್ಲಿ, ದಾರಿಯಲ್ಲಿ, ಪಾಠ ನಡೆಯಿತು. ಓದಲು ಬಾರದ ಆಲಿಸ್ ವೈನ್, ಓದಿಸಿ ಕೇಳಿ ಕೇಳಿ ಆ ಭಾಗವನ್ನು ಬಾಯಿಪಾಠ ಮಾಡಿಕೊಂಡರು. ಅಧಿಕಾರಿಯ ಎದುರು ನಿಂತು ಒಪ್ಪಿಸಿಬಿಟ್ಟರು. ಅವರ ಹೆಸರು ಪಟ್ಟಿಗೆ ಸೇರಿತು.

ಕತೆ ಇಲ್ಲಿಗೇ ಮುಗಿದಿದ್ದರೆ ಜಾಣತನದ ಒಂದು ಪ್ರಸಂಗವಾಗಿ ಉಳಿಯುತ್ತಿತ್ತು. ಆದರೆ ಆಲಿಸ್ ವೈನ್ ಅಷ್ಟಕ್ಕೆ ಬಿಡಲಿಲ್ಲ. ಓಟಿನ ಚೀಟಿ ಕೈಗೆ ಬಂದ ಮೇಲೂ ಅವರಿಗೆ ನಿಜವಾಗಿ ಓದಲು ಕಲಿಯಬೇಕಿತ್ತು. ಆ ಆಸೆಯಿಂದ ಹುಟ್ಟಿದ ಶಾಲೆಯ ವಿಷಯಕ್ಕೆ ಬರುವ ಮುನ್ನ, ಓದನ್ನು ಓಟಿನ ಬಾಗಿಲಿಗೆ ಬೀಗವಾಗಿ ಹಾಕಿದ್ದು ಯಾರು, ಹೇಗೆ ಎಂದು ನೋಡಬೇಕು.

*

ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1870ರಲ್ಲಿ, ಆ ದೇಶದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂತು. ಜನಾಂಗ, ಬಣ್ಣ, ಹಿಂದೆ ಗುಲಾಮರಾಗಿದ್ದುದು, ಈ ಕಾರಣಗಳಿಗಾಗಿ ಯಾರ ಮತದ ಹಕ್ಕನ್ನೂ ಕಸಿಯುವಂತಿಲ್ಲ ಎಂದಿತು ಅದು. ಸೌತ್ ಕೆರೊಲಿನಾದಲ್ಲಿ ಆಗ ಕಪ್ಪು ಜನರೇ ಬಹುಸಂಖ್ಯಾತರು. ಅವರು ಓಟು ಹಾಕಿದರು, ಶಾಸನಸಭೆಗೆ ಗೆದ್ದು ಬಂದರು, ವಾಷಿಂಗ್ಟನ್ನಿಗೂ ಹೋದರು.

ಅಧಿಕಾರ ಮತ್ತೆ ಬಿಳಿಯರ ಕೈ ಸೇರಿದ ಮೇಲೆ ಅವರೆದುರು ಇದ್ದ ಪ್ರಶ್ನೆ ಇದು: ಬಣ್ಣದ ಹೆಸರೆತ್ತುವ ಹಾಗಿಲ್ಲ, ಆದರೆ ಬಣ್ಣ ನೋಡಿ ತಡೆಯಬೇಕು. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಇದೇ ರಾಜ್ಯ ಒಂದು ಕಾಲದಲ್ಲಿ ಅಪರಾಧವೆಂದು ಸಾರಿತ್ತು. ಹಾಗಾಗಿ ಯಾರಿಗೆ ಓದಲು ಬರುವುದಿಲ್ಲ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ತಾನೇ ಮುಚ್ಚಿದ ಬಾಗಿಲನ್ನು ತೋರಿಸಿ, ಒಳಗೆ ಬರಲು ನಿಮಗೆ ಯೋಗ್ಯತೆಯಿಲ್ಲ ಎಂದಿತು.

1882ರಲ್ಲಿ ಬಂದ ಕಾನೂನಿಗೆ ಜನ ಎಂಟು ಪೆಟ್ಟಿಗೆಯ ಕಾನೂನು ಎಂದೇ ಹೆಸರಿಟ್ಟರು. ರಾಜ್ಯಪಾಲ, ಶಾಸಕ, ಸಂಸತ್ ಸದಸ್ಯ ಹೀಗೆ ಬೇರೆ ಬೇರೆ ಹುದ್ದೆಗಳಿಗೆ ಬೇರೆ ಬೇರೆ ಮತಪೆಟ್ಟಿಗೆ. ಪ್ರತಿ ಪೆಟ್ಟಿಗೆಯ ಮೇಲೆ ಹುದ್ದೆಯ ಹೆಸರು ಬರೆದಿರುತ್ತದೆ. ಚೀಟಿ ತಪ್ಪು ಪೆಟ್ಟಿಗೆಗೆ ಬಿದ್ದರೆ ಆ ಮತ ರದ್ದು. ಮೊದಲ ಪೆಟ್ಟಿಗೆ ಇದಕ್ಕೆ, ಎರಡನೆಯದು ಅದಕ್ಕೆ ಎಂದು ಓದು ಬಲ್ಲವರೊಬ್ಬರು ಹೊರಗೆ ಹೇಳಿಕೊಟ್ಟು ಕಳಿಸಬಹುದಲ್ಲ? ಅದಕ್ಕೂ ಉಪಾಯವಿತ್ತು. ನಡುನಡುವೆ ಪೆಟ್ಟಿಗೆಗಳ ಜಾಗ ಬದಲಾಯಿಸುತ್ತಿದ್ದರು.

ಈ ಪೆಟ್ಟಿಗೆಗಳನ್ನು ನೆನೆಯುವಾಗ ಭಾರತದವರಿಗೆ ಬೇರೆ ಪೆಟ್ಟಿಗೆಗಳು ನೆನಪಾಗುತ್ತವೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿಯೂ ಮತಗಟ್ಟೆಯೊಳಗೆ ಸಾಲಾಗಿ ಪೆಟ್ಟಿಗೆಗಳಿದ್ದವು. ಆದರೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪ್ರತಿಯೊಂದರ ಮೇಲೂ ಒಂದು ಚಿತ್ರ. ಜೋಡೆತ್ತು, ಗುಡಿಸಲು, ಮರ, ದೀಪ. ಮತಪತ್ರದಲ್ಲಿ ಏನೂ ಬರೆಯಬೇಕಿರಲಿಲ್ಲ, ಯಾವ ಗುರುತೂ ಹಾಕಬೇಕಿರಲಿಲ್ಲ. ಬೇಕಾದ ಚಿತ್ರದ ಪೆಟ್ಟಿಗೆಗೆ ಇಳಿಬಿಟ್ಟರೆ ಆಯಿತು. ಅದಕ್ಕೆ ಹಿಂದೆ, ಬ್ರಿಟಿಷರ 1935ರ ಕಾಯ್ದೆಯಡಿ, ಓಟು ಇದ್ದದ್ದು ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗೆ. ಸ್ವತಂತ್ರ ಭಾರತ ಆ ಷರತ್ತುಗಳನ್ನು ತೆಗೆದುಹಾಕಿದಾಗ ದೇಶದ ಬಹುಪಾಲು ಜನರಿಗೆ ಓದು ಬರುತ್ತಿರಲಿಲ್ಲ. ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ: ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರು ಆ ಪಟ್ಟಿಯಿಂದ ಹೊರಗುಳಿದರು. ಆದರೂ ಪೆಟ್ಟಿಗೆಯ ವಿಷಯದಲ್ಲಿ ಒಂದು ತೀರ್ಮಾನವಾಗಿತ್ತು. ಓದಲು ಬಾರದವರು ಇದ್ದಾರೆಂದರೆ ಬದಲಾಗಬೇಕಾದದ್ದು ಪೆಟ್ಟಿಗೆ, ಮತದಾರರಲ್ಲ.

ಸೌತ್ ಕೆರೊಲಿನಾ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 1895ರಲ್ಲಿ ಬೆನ್ ಟಿಲ್ಮನ್ ಎಂಬ ರಾಜಕಾರಣಿಯ ಮುಂದಾಳುತನದಲ್ಲಿ ಹೊಸ ಸಂವಿಧಾನವನ್ನೇ ಬರೆದುಕೊಂಡಿತು. ಆ ಸಭೆಯಲ್ಲಿ ಕಪ್ಪು ಪ್ರತಿನಿಧಿಗಳು ಆರೇ ಜನ. ಅವರಲ್ಲಿ ಒಬ್ಬರು ರಾಬರ್ಟ್ ಸ್ಮಾಲ್ಸ್; ಗುಲಾಮರಾಗಿದ್ದಾಗಲೇ ಶತ್ರುಸೇನೆಯ ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ಓಡಿಸಿಕೊಂಡು ಹೋಗಿ ಉತ್ತರದ ನೌಕಾಪಡೆಗೆ ಒಪ್ಪಿಸಿದವರು, ಮುಂದೆ ಸಂಸತ್ತಿಗೂ ಹೋದವರು. ಅವರು ಎಷ್ಟು ವಿರೋಧಿಸಿದರೂ ನಡೆಯಲಿಲ್ಲ. ಮತದಾರನಾಗಬೇಕಾದರೆ ಸಂವಿಧಾನದ ಯಾವುದೇ ಭಾಗವನ್ನು ಓದಿ ಬರೆದು ತೋರಿಸಬೇಕು, ಇಲ್ಲವೇ 300 ಡಾಲರ್ ಬೆಲೆಯ ಆಸ್ತಿಗೆ ತೆರಿಗೆ ಕಟ್ಟಿರಬೇಕು ಎಂದು ನಿಯಮವಾಯಿತು. ಆರು ದಶಕ ಕಳೆದ ಮೇಲೆ ಆಲಿಸ್ ವೈನ್ ಎದುರು ನಿಂತದ್ದು ಇದೇ ನಿಯಮ.

ಇದು ದಕ್ಷಿಣದ ರಾಜ್ಯಗಳ ಪಾಪ ಮಾತ್ರವಲ್ಲ. ಓದಿನ ಪರೀಕ್ಷೆಯನ್ನು ಮೊದಲು ತಂದದ್ದು ಉತ್ತರದ ಕನೆಕ್ಟಿಕಟ್, 1855ರಲ್ಲಿ. ಎರಡು ವರ್ಷಕ್ಕೆ ಮ್ಯಾಸಚೂಸೆಟ್ಸ್. ಅಲ್ಲಿ ಅದರ ಗುರಿ ಐರ್ಲೆಂಡಿನಿಂದ ಬಂದು ಇಳಿಯುತ್ತಿದ್ದ ಬಡ ವಲಸಿಗರು. 1921ರಲ್ಲಿ ನ್ಯೂಯಾರ್ಕ್ ರಾಜ್ಯ ಹೊಸ ಮತದಾರರಿಗೆ ಇಂಗ್ಲಿಷ್ ಓದು ಬರಹ ಕಡ್ಡಾಯ ಮಾಡಿತು. ಯಿಡ್ಡಿಷ್ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರೂ ಆ ಕಾನೂನಿನ ಕಣ್ಣಲ್ಲಿ ನಿರಕ್ಷರಿಗಳೇ.

*

ಈ ಪರೀಕ್ಷೆ ಓದನ್ನು ಅಳೆಯಿತೇ? ಕೋರ್ಟಿನ ದಾಖಲೆಗಳು ಇಲ್ಲ ಎನ್ನುತ್ತವೆ.

ಮಿಸಿಸಿಪಿ ರಾಜ್ಯದ ಫಾರೆಸ್ಟ್ ಕೌಂಟಿಯಲ್ಲಿ ಪದವೀಧರರಾದ ಆರು ಮಂದಿ ಕಪ್ಪು ಅರ್ಜಿದಾರರನ್ನು ನೋಂದಣಿ ಅಧಿಕಾರಿ ಫೇಲು ಮಾಡಿದ. ಅವರಲ್ಲಿ ಮೂವರು ಎಂ.ಎ. ಮುಗಿಸಿದವರು. ಅದೇ ರಾಜ್ಯದ ಪನೋಲಾ ಕೌಂಟಿಯಲ್ಲಿ ಕಪ್ಪು ಅರ್ಜಿದಾರರಿಗೆ ಕೊಡುತ್ತಿದ್ದದ್ದು ಚಿಕಸಾ ಶಾಲಾ ನಿಧಿ ಎಂಬ ಹಳೆಯ ನಿಧಿಯ ಬಡ್ಡಿ ದರದ ಕಲಮನ್ನು ವಿವರಿಸುವ ಪ್ರಶ್ನೆ. ಇನ್ನು ಲೂಯಿಸಿಯಾನಾದಲ್ಲಿ ಬಿಳಿಯ ಅರ್ಜಿದಾರನೊಬ್ಬ ಸಂವಿಧಾನದ ಭಾಗಕ್ಕೆ ಬರೆದ ವ್ಯಾಖ್ಯಾನ ಮೂರೇ ಪದ. ವಾಕ್ ಸ್ವಾತಂತ್ರ್ಯ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೊರಟ ಆತ ಬರೆದದ್ದನ್ನು ಅಕ್ಷರ ಹಿಡಿದು ಓದಿದರೆ ಹೆಚ್ಚುಕಡಿಮೆ ‘ಫ್ರ್‌ಡಮ್ ಫೂಫ್ ಸ್ಪೆಟ್‌ಗ್’ ಎಂದಾಗುತ್ತದೆ. ಅವನು ಪಾಸಾದ.

ಬರವಣಿಗೆಯ ತಪ್ಪಿಗೆ ನಗಬೇಕಾಗಿಲ್ಲ. ಆ ಮನುಷ್ಯನಿಗೂ ಓಟು ಸಿಗಬೇಕಾದದ್ದೇ. ಎಂ.ಎ. ಮಾಡಿದವರು ಫೇಲಾಗಿ ಆತ ಪಾಸಾಗುವ ಪರೀಕ್ಷೆಯಲ್ಲಿ ಪರೀಕ್ಷೆಯಾದದ್ದು ಏನು ಎಂಬುದಷ್ಟೇ ಪ್ರಶ್ನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. 15ನೇ ತಿದ್ದುಪಡಿ ಕೊಟ್ಟದ್ದನ್ನು ಮೇಜಿನ ಹಿಂದೆ ಕೂತ ಅಧಿಕಾರಿ ಕೊಡಲಿಲ್ಲ. ಹಾಳೆಯ ಮೇಲಿನ ಪಠ್ಯ ಯಾವುದಾದರೂ ಆಗಬಹುದಿತ್ತು. ನಿಜವಾದ ಪಠ್ಯ ಎದುರು ನಿಂತವರ ಮುಖ.

1962ರ ಆಗಸ್ಟ್ ಕೊನೆಯಲ್ಲಿ ಮಿಸಿಸಿಪಿಯ ಹತ್ತಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ಫ್ಯಾನಿ ಲೂ ಹೇಮರ್, ಇನ್ನು ಹದಿನೇಳು ಜನರ ಜೊತೆ ಬಸ್ಸು ಹತ್ತಿ ಇಂಡಿಯನೋಲಾ ಊರಿಗೆ ಹೆಸರು ಬರೆಸಲು ಹೋದರು. ಆಗ ಅವರಿಗೆ 44 ವರ್ಷ. ಕಪ್ಪು ಜನರೂ ನೋಂದಣಿ ಮಾಡಿಸಿ ಓಟು ಹಾಕಬಹುದು ಎಂದು ತಿಳಿದದ್ದೇ ಆ ವರ್ಷ. ಅಧಿಕಾರಿ ಅವರಿಗೆ ಕೊಟ್ಟದ್ದು ರಾಜ್ಯ ಸಂವಿಧಾನದ 16ನೇ ಸೆಕ್ಷನ್. ಲ್ಯಾಟಿನ್ ಪದ ಹೊತ್ತ, ಹಿಂದಿನಿಂದ ಅನ್ವಯವಾಗುವ ಕಾನೂನುಗಳ ಕುರಿತ ಭಾಗ. ಕುದುರೆಗೆ ಕ್ರಿಸ್‌ಮಸ್ ಬಗ್ಗೆ ಎಷ್ಟು ಗೊತ್ತೋ ತನಗೆ ಆ ಕಾನೂನಿನ ಬಗ್ಗೆ ಅಷ್ಟೇ ಗೊತ್ತಿತ್ತು ಎಂದು ಹೇಮರ್ ಮುಂದೆ ಹೇಳುತ್ತಿದ್ದರು. ಫೇಲಾದರು. ಹಿಂತಿರುಗುವಾಗ ಪೊಲೀಸರು ಬಸ್ಸು ನಿಲ್ಲಿಸಿ ಚಾಲಕನಿಗೆ ದಂಡ ಹಾಕಿದರು. ಬಸ್ಸಿನ ಬಣ್ಣ ಅತಿಯಾಗಿ ಹಳದಿ ಎಂಬುದು ಅಪರಾಧ. ಮನೆಗೆ ಬಂದರೆ ತೋಟದ ಮಾಲೀಕ ಕಾಯುತ್ತಿದ್ದ. ಅರ್ಜಿ ವಾಪಸ್ ತಗೋ, ಇಲ್ಲವೇ ಜಾಗ ಖಾಲಿ ಮಾಡು. ಹದಿನೆಂಟು ವರ್ಷ ದುಡಿದ ಜಾಗವನ್ನು ಹೇಮರ್ ಅದೇ ರಾತ್ರಿ ಬಿಟ್ಟರು.

ಮತ್ತೆ ಹೋದರು. 1963ರ ಜನವರಿಯಲ್ಲಿ ಪಾಸಾದರು. ಆದರೂ ಓಟು ಹಾಕಲು ಹೋದಾಗ, ಓಟಿನ ತೆರಿಗೆ ಕಟ್ಟಿದ ರಸೀದಿ ಎಲ್ಲಿ ಎಂದು ಕೇಳಿ ಹಿಂದಕ್ಕೆ ಕಳಿಸಿದರು.

*

ಜಾನ್ಸ್ ಐಲ್ಯಾಂಡಿನವರಿಗೆ ಓದಿನ ಜೊತೆ ಇನ್ನೊಂದು ತೊಡಕಿತ್ತು. ಅವರ ಮನೆಮಾತು ಸಂವಿಧಾನದ ಇಂಗ್ಲಿಷ್ ಅಲ್ಲ, ಗಲ್ಲ. ಪಶ್ಚಿಮ ಆಫ್ರಿಕಾದ ಹಲವು ನುಡಿಗಳ ಜನರನ್ನು ತಂದು ಭತ್ತದ ಗದ್ದೆಗಳಲ್ಲಿ, ಹತ್ತಿ ತೋಟಗಳಲ್ಲಿ ದುಡಿಸಿದಾಗ, ಅವರ ನುಡಿಗಳೂ ಇಂಗ್ಲಿಷೂ ಬೆರೆತು ಈ ಕರಾವಳಿಯಲ್ಲಿ ಹುಟ್ಟಿಕೊಂಡ ಭಾಷೆ ಅದು. ಬಹುಕಾಲ ವಿದ್ವಾಂಸರೇ ಅದನ್ನು ಹರಕು ಮುರುಕು ಇಂಗ್ಲಿಷ್ ಎಂದು ತಳ್ಳಿಹಾಕಿದ್ದರು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಭಾಷಾವಿಜ್ಞಾನಿ ವರ್ಷಗಟ್ಟಲೆ ದ್ವೀಪಗಳನ್ನು ಸುತ್ತಿ, ಜನರ ಮಾತನ್ನು ರೆಕಾರ್ಡ್ ಮಾಡಿ, ಆಫ್ರಿಕಾದ ನುಡಿಗಳಿಂದ ಬಂದ ಸಾವಿರಾರು ಪದಗಳನ್ನು, ಅದರಲ್ಲೂ ಮನೆಯೊಳಗೆ ಕರೆಯುವ ಹೆಸರುಗಳನ್ನು, 1949ರ ತಮ್ಮ ಪುಸ್ತಕದಲ್ಲಿ ಒಂದೊಂದಾಗಿ ತೋರಿಸಿದರು. ಹರಕು ಮಾತಿಗೆ ವ್ಯಾಕರಣವಿದೆ ಎಂದು ಆಗ ಗೊತ್ತಾಯಿತು. ನೋಂದಣಿ ಕಚೇರಿಗೆ ಆ ಪುಸ್ತಕ ತಲುಪಿರಲಿಲ್ಲ. ಅಲ್ಲಿ ಗಲ್ಲ ಬಾಯಲ್ಲಿ ಓದಿದ ಸಂವಿಧಾನ ತಪ್ಪು ಓದೇ ಆಗಿತ್ತು.

ಈ ಮಾತನ್ನು ಬಲ್ಲ ಹೊರಗಿನ ಟೀಚರ್ ಒಬ್ಬರಿದ್ದರು. ಸೆಪ್ಟಿಮಾ ಕ್ಲಾರ್ಕ್. ಅವರ ತಂದೆ ಗುಲಾಮರಾಗಿ ಹುಟ್ಟಿದವರು. ಚಾರ್ಲ್ಸ್‌ಟನ್ ನಗರದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಶಿಕ್ಷಕರಿಗೆ ಕೆಲಸವಿಲ್ಲದ ಕಾಲದಲ್ಲಿ, 1916ರಲ್ಲಿ, ಹದಿನೆಂಟರ ಹುಡುಗಿ ಕ್ಲಾರ್ಕ್ ಪಾಠ ಹೇಳಲು ಬಂದದ್ದು ಜಾನ್ಸ್ ಐಲ್ಯಾಂಡಿಗೆ. 132 ಮಕ್ಕಳಿಗೆ ಇಬ್ಬರು ಟೀಚರು. ಎದುರಿನ ಬಿಳಿಯರ ಶಾಲೆಯಲ್ಲಿ ಮೂರು ಮಕ್ಕಳಿಗೆ ಒಬ್ಬರು. ಆಗ ಅವರ ಶಾಲೆಯಲ್ಲಿ ಕೂತ ಹುಡುಗರಲ್ಲಿ ಜೆಂಕಿನ್ಸ್ ಕೂಡ ಮುಂದೆ ಒಬ್ಬರಾದರು.

1956ರಲ್ಲಿ ಸೌತ್ ಕೆರೊಲಿನಾ, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ಸದಸ್ಯರಾಗಿರುವ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವ ಕಾನೂನು ಮಾಡಿತು. ಕ್ಲಾರ್ಕ್ ಸದಸ್ಯತ್ವ ಬಿಡಲಿಲ್ಲ. ನಾಲ್ಕು ದಶಕದ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಟೆನೆಸಿ ರಾಜ್ಯದ ಹೈಲ್ಯಾಂಡರ್ ಜಾನಪದ ಶಾಲೆ ಅವರಿಗೆ ಕೆಲಸ ಕೊಟ್ಟಿತು. ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಕೂತು ಉಣ್ಣುವ, ಚರ್ಚಿಸುವ ಅಪರೂಪದ ಜಾಗ ಅದು. ಜೆಂಕಿನ್ಸ್ 1954ರಲ್ಲೇ ಅಲ್ಲಿಗೆ ಹೋಗಿ, ತನ್ನ ದ್ವೀಪದ ದೊಡ್ಡವರಿಗೆ ಓದು ಕಲಿಸುವ ಶಾಲೆ ಬೇಕು ಎಂದು ಕೇಳಿದ್ದರು.

ಶಾಲೆಗೆ ಜಾಗ ಸಿಕ್ಕಿತು. ದ್ವೀಪದ ಪ್ರೋಗ್ರೆಸಿವ್ ಕ್ಲಬ್ ಹಳೆಯ ಕಟ್ಟಡವೊಂದನ್ನು ಕೊಂಡು ಮುಂದೆ ಸಹಕಾರಿ ಅಂಗಡಿ ಇಟ್ಟಿತು, ಹಿಂದಿನ ಕೋಣೆಯಲ್ಲಿ ತರಗತಿ. ದಾರಿಹೋಕ ಬಿಳಿಯರಿಗೆ ಕಾಣುವುದು ಅಂಗಡಿ ಮಾತ್ರ. ಪಾಠ ಹೇಳಲು ಕ್ಲಾರ್ಕ್ ಆರಿಸಿದ್ದು ಟೀಚರನ್ನಲ್ಲ. ತಮ್ಮ ಸಂಬಂಧಿ ಬರ್ನೀಸ್ ರಾಬಿನ್ಸನ್ನರನ್ನು. ಅವರು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಗಿರಾಕಿಗಳೆಲ್ಲ ಕಪ್ಪು ಹೆಂಗಸರು, ಹಾಗಾಗಿ ಯಾವ ಬಿಳಿಯ ಮಾಲೀಕನೂ ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಟೀಚರ್ ಅಲ್ಲವಾದ್ದರಿಂದ ದೊಡ್ಡವರನ್ನು ಮಕ್ಕಳಂತೆ ಕಾಣುವ ಅಭ್ಯಾಸವೂ ಇರಲಿಲ್ಲ.

1957ರ ಜನವರಿಯಲ್ಲಿ, ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ, ಹದಿನಾಲ್ಕು ಜನ ಬಂದು ಕೂತರು. ನಾನು ಕಲಿಸಲು ಬಂದವಳಲ್ಲ, ನಿಮ್ಮ ಜೊತೆ ಕಲಿಯುತ್ತೇನೆ ಎಂದು ರಾಬಿನ್ಸನ್ ಶುರು ಮಾಡಿದರು. ತಂದಿದ್ದ ಮಕ್ಕಳ ಪಠ್ಯಪುಸ್ತಕಗಳನ್ನು ಪಕ್ಕಕ್ಕಿಟ್ಟರು. ನಿಮಗೆ ಏನು ಕಲಿಯಬೇಕು ಎಂದು ಕೇಳಿದರು. ಬೈಬಲ್ ಓದಬೇಕು. ದೂರದ ಮಕ್ಕಳಿಗೆ ಕಾಗದ ಬರೆಯಬೇಕು. ಮನಿಯಾರ್ಡರ್ ತುಂಬಬೇಕು. ಅಂಚೆಯಲ್ಲಿ ಸಾಮಾನು ತರಿಸುವ ಫಾರಂ ತುಂಬಬೇಕು. ಸಹಿ ಹಾಕಬೇಕು. ಓಟಿನ ಅರ್ಜಿ ಓದಬೇಕು. ಅದೇ ಪಠ್ಯಕ್ರಮವಾಯಿತು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ತೂಗುಹಾಕಿದರು. ತರಗತಿ ಮುಗಿಯುವ ಹೊತ್ತಿಗೆ ಇದನ್ನು ಓದುವಂತಾಗಬೇಕು ಎಂದರು.

ಸಹಿ ಕಲಿಸಿದ್ದು ರಟ್ಟಿನ ಮೇಲೆ. ಒಬ್ಬೊಬ್ಬರ ಹೆಸರನ್ನು ರಟ್ಟಿನ ಮೇಲೆ ಬರೆದುಕೊಡುವುದು, ಅವರು ಅದರ ಮೇಲೇ ಮತ್ತೆ ಮತ್ತೆ ತಿದ್ದುವುದು. ಮರಳ ಮೇಲೆ, ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಯಾರಿಗೂ ಇದು ಹೊಸದಲ್ಲ. ಅರವತ್ತೈದರ ಒಬ್ಬ ಹೆಂಗಸು ಒಂದು ಸಂಜೆ ಕರಿಹಲಗೆಯ ಮೇಲಿನ ಹಲವು ಹೆಸರುಗಳ ನಡುವೆ ತನ್ನದನ್ನು ಗುರುತಿಸಿ, ಅದು ನನ್ನ ಹೆಸರು ಎಂದು ತೋರಿಸಿದರು. ಮೈ ಜುಮ್ಮೆಂದಿತು ಎಂದು ರಾಬಿನ್ಸನ್ ವರ್ಷಗಳ ಮೇಲೂ ಆ ಗಳಿಗೆಯನ್ನು ನೆನೆಯುತ್ತಿದ್ದರು.

ಪೌರತ್ವ ಶಾಲೆ ಎಂದು ಹೆಸರಾದ ಈ ತರಗತಿ ಅಕ್ಕಪಕ್ಕದ ದ್ವೀಪಗಳಿಗೆ ಹಬ್ಬಿತು. 1961ರಲ್ಲಿ ಟೆನೆಸಿ ಸರ್ಕಾರ ಹೈಲ್ಯಾಂಡರನ್ನು ಮುಚ್ಚಿಸುವಾಗ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಇದನ್ನು ಕೈಗೆತ್ತಿಕೊಂಡಿತು. ದಕ್ಷಿಣದ ಹಳ್ಳಿಹಳ್ಳಿಯಿಂದ ಜನ ತರಬೇತಿಗೆ ಬಂದು, ಹಿಂತಿರುಗಿ ಚರ್ಚುಗಳಲ್ಲಿ, ಅಡುಗೆಮನೆಗಳಲ್ಲಿ ತರಗತಿ ನಡೆಸಿದರು. ಫ್ಯಾನಿ ಲೂ ಹೇಮರ್ ಕೂಡ ಹೀಗೆ ತರಬೇತಿ ಪಡೆದವರು. 1963ರ ಜೂನ್‌ನಲ್ಲಿ ಅಂಥ ಒಂದು ಶಿಬಿರ ಮುಗಿಸಿ ಬರುವಾಗ ಮಿಸಿಸಿಪಿಯ ವಿನೋನಾ ಊರಿನಲ್ಲಿ ಅವರನ್ನು ಬಂಧಿಸಿ, ಜೈಲಿನಲ್ಲಿ ಥಳಿಸಿದರು. ಆ ಪೆಟ್ಟಿನ ನೋವು ಕೊನೆಯವರೆಗೂ ಹೋಗಲಿಲ್ಲ.

*

ಅಕ್ಷರ ಕಲಿಸಿ ಬೀಗ ತೆಗೆಯುವ ದಾರಿ ಇದು. ಆದರೆ ಎಂ.ಎ. ಮಾಡಿದವರನ್ನೂ ಫೇಲು ಮಾಡುವ ಅಧಿಕಾರಿಯ ಎದುರು ಎಷ್ಟು ಕಲಿತರೂ ಸಾಲದು. ಬೀಗವನ್ನೇ ಕಿತ್ತು ಹಾಕಬೇಕಿತ್ತು.

1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು. ತಾರತಮ್ಯದ ಇತಿಹಾಸವಿದ್ದ ರಾಜ್ಯಗಳಲ್ಲಿ ಓದಿನ ಪರೀಕ್ಷೆ ನಿಂತಿತು. ಅವು ಚುನಾವಣೆಯ ಯಾವ ನಿಯಮ ಬದಲಾಯಿಸಬೇಕಾದರೂ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಾಯಿತು. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ರಾಜ್ಯ ಸೌತ್ ಕೆರೊಲಿನಾ. 1966ರಲ್ಲಿ ಅದು ಸೋತಿತು. ಫಾರೆಸ್ಟ್ ಕೌಂಟಿಯ ಎಂ.ಎ. ಪದವೀಧರರೂ ‘ಫೂಫ್ ಸ್ಪೆಟ್‌ಗ್’ ಬರೆದವನೂ ಆ ತೀರ್ಪಿನ ಅಡಿಟಿಪ್ಪಣಿಗಳಲ್ಲಿ ಉಳಿದಿದ್ದಾರೆ. ಮಿಸಿಸಿಪಿಯಲ್ಲಿ ಕಾಯ್ದೆಗೆ ಮುಂಚೆ ಅರ್ಹ ಕಪ್ಪು ಜನರಲ್ಲಿ ನೋಂದಣಿಯಾದವರು ಶೇ. 6.7, ಎರಡು ವರ್ಷದಲ್ಲಿ ಅದು ಶೇ. 60ರ ಸಮೀಪಕ್ಕೆ ಬಂತು. 1970ರಲ್ಲಿ ಓದಿನ ಪರೀಕ್ಷೆಯನ್ನು ಇಡೀ ದೇಶದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, 1975ರಲ್ಲಿ ಶಾಶ್ವತವಾಗಿ ನಿಷೇಧಿಸಿದರು.

1975ರಲ್ಲಿ ಇನ್ನೊಂದು ಹೆಜ್ಜೆಯನ್ನೂ ಇಟ್ಟರು. ಕಾಯ್ದೆಗೆ 203ನೇ ಸೆಕ್ಷನ್ ಸೇರಿತು. ಒಂದು ಕೌಂಟಿಯಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ, ಒಂದೇ ಭಾಷಾ ಸಮುದಾಯಕ್ಕೆ ಸೇರಿದ ವಯಸ್ಕ ನಾಗರಿಕರು 10,000ಕ್ಕಿಂತ ಹೆಚ್ಚಿದ್ದರೆ, ಅಥವಾ ಮತದಾನದ ವಯಸ್ಸಿನ ನಾಗರಿಕರಲ್ಲಿ ಶೇ. 5ಕ್ಕಿಂತ ಹೆಚ್ಚಿದ್ದರೆ, ಜೊತೆಗೆ ಆ ಸಮುದಾಯದ ಅನಕ್ಷರತೆ ದೇಶದ ಸರಾಸರಿಗಿಂತ ಹೆಚ್ಚಿದ್ದರೆ, ಅಲ್ಲಿನ ಮತಪತ್ರ, ಅರ್ಜಿ, ಸೂಚನೆ ಎಲ್ಲವೂ ಅವರ ಭಾಷೆಯಲ್ಲಿ ಸಿಗಬೇಕು. ಲಿಪಿಯಿಲ್ಲದ ಭಾಷೆಯಾದರೆ ಬಾಯಿಮಾತಿನಲ್ಲಿ ಹೇಳಬೇಕು. ಸ್ಪ್ಯಾನಿಷ್ ಮಾತಾಡುವವರು, ಏಷ್ಯಾ ಮೂಲದವರು, ಅಮೆರಿಕದ ಮತ್ತು ಅಲಾಸ್ಕಾದ ಮೂಲನಿವಾಸಿಗಳು ಇದರೊಳಗೆ ಬರುತ್ತಾರೆ.

1895ರ ಸೌತ್ ಕೆರೊಲಿನಾದಲ್ಲಿ ಸರ್ಕಾರದ ಭಾಷೆ ತನಗೆ ಬರುತ್ತದೆ ಎಂದು ಮತದಾರ ರುಜುವಾತು ಮಾಡಬೇಕಿತ್ತು. 1975ರ ಮೇಲೆ ಈ ಕೌಂಟಿಗಳಲ್ಲಿ, ಮತದಾರನ ಭಾಷೆಯಲ್ಲಿ ಮಾತಾಡಬಲ್ಲೆ ಎಂದು ಸರ್ಕಾರ ರುಜುವಾತು ಮಾಡಬೇಕು. ಪರೀಕ್ಷೆ ಬರೆಯುವವರೂ ಪರೀಕ್ಷೆ ಮಾಡುವವರೂ ಜಾಗ ಅದಲುಬದಲು ಮಾಡಿಕೊಂಡರು.

ಈ ಪರೀಕ್ಷೆಯಲ್ಲಿ ಸರ್ಕಾರಗಳು ಆಗಾಗ ಫೇಲಾಗಿವೆ. ಅಲಾಸ್ಕಾ ರಾಜ್ಯ ಇಂಗ್ಲಿಷ್ ಮತದಾರರಿಗೆ ಇಡೀ ಮಾಹಿತಿ ಪುಸ್ತಿಕೆ ಕಳಿಸಿ, ಯೂಪಿಕ್ ಮತ್ತು ಗ್ವಿಚಿನ್ ಭಾಷೆಯ ಹಳ್ಳಿಗರಿಗೆ ಅದಕ್ಕೆ ಸಮನಾದುದನ್ನು ಕೊಡಲಿಲ್ಲ ಎಂದು 2014ರಲ್ಲಿ ಕೇಂದ್ರ ನ್ಯಾಯಾಲಯ ಹೇಳಿತು.

ಭಾರತದ ಭಾಷೆಗಳಿಗೂ ಈ ಕಾನೂನು ತಟ್ಟಿದೆ. 2011ರಲ್ಲಿ ಜನಗಣತಿ ಇಲಾಖೆ ನ್ಯೂಯಾರ್ಕಿನ ಕ್ವೀನ್ಸ್, ಶಿಕಾಗೋ ಇರುವ ಕುಕ್ ಕೌಂಟಿ, ಲಾಸ್ ಏಂಜಲೀಸ್ ಈ ಮೂರು ಕಡೆ ಏಷ್ಯನ್ ಇಂಡಿಯನ್ ಎಂಬ ಗುಂಪನ್ನು ಪಟ್ಟಿಗೆ ಸೇರಿಸಿತು. ಏಷ್ಯನ್ ಇಂಡಿಯನ್ ಎಂಬುದು ಭಾಷೆಯಲ್ಲ. ಆ ಒಂದು ಶೀರ್ಷಿಕೆಯೊಳಗೆ ಕನ್ನಡ, ತಮಿಳು, ಬಂಗಾಳಿ, ಪಂಜಾಬಿ, ಗುಜರಾತಿ ಎಲ್ಲವೂ ಒಟ್ಟಿಗೆ ಕೂತಿವೆ. ಯಾವುದರಲ್ಲಿ ಅಚ್ಚು ಹಾಕಬೇಕು ಎಂದು ಸ್ಥಳೀಯ ಅಧಿಕಾರಿಗಳೇ ತೀರ್ಮಾನಿಸಬೇಕು. ಕುಕ್ ಕೌಂಟಿ ಹಿಂದಿಯನ್ನು ಆರಿಸಿತು. ಕ್ವೀನ್ಸ್ ಬಂಗಾಳಿಯನ್ನು, ಆದರೆ ಅದು ಮತಪತ್ರದ ಮೇಲೆ ಮೂಡಲು 2013ರವರೆಗೆ ಕಾಯಬೇಕಾಯಿತು, ಕೋರ್ಟಿಗೂ ಹೋಗಬೇಕಾಯಿತು.

ಕೌಂಟಿ ಅಂಥ ಪಟ್ಟಿಯಲ್ಲಿ ಇಲ್ಲದಿದ್ದರೆ? ಅದಕ್ಕೆ 1982ರಲ್ಲಿ ಸೇರಿಸಿದ 208ನೇ ಸೆಕ್ಷನ್ ಇದೆ. ಕಣ್ಣು ಕಾಣದವರು, ಅಂಗವಿಕಲರು, ಓದು ಬರಹ ಬಾರದವರು ತಾವು ಆರಿಸಿಕೊಂಡ ಯಾರನ್ನಾದರೂ ಮತಗಟ್ಟೆಯೊಳಗೆ ನೆರವಿಗೆ ಕರೆದುಕೊಳ್ಳಬಹುದು. ಮಾಲೀಕರನ್ನೂ ಕಾರ್ಮಿಕ ಸಂಘದವರನ್ನೂ ಮಾತ್ರ ಕರೆಯುವಂತಿಲ್ಲ. ತೋಟದ ಮಾಲೀಕರ ಕಾಲವನ್ನು ಕಂಡವರ ನೆನಪು ಆ ಒಂದು ಹೊರಗಿಡುವಿಕೆಯಲ್ಲಿದೆ.

2014ರ ಅಕ್ಟೋಬರಿನಲ್ಲಿ ಟೆಕ್ಸಸ್ ರಾಜ್ಯದ ವಿಲಿಯಮ್‌ಸನ್ ಕೌಂಟಿಯ ಮತಗಟ್ಟೆಗೆ ಬಂಗಾಳಿ ಮಾತಾಡುವ ಒಬ್ಬ ತಾಯಿ ಬಂದರು. ಅಮೆರಿಕದ ನಾಗರಿಕರು, ನೋಂದಾಯಿತ ಮತದಾರರು. ಇಂಗ್ಲಿಷ್ ಹೆಚ್ಚು ಬರುತ್ತಿರಲಿಲ್ಲ. ಹಿಂದಿನ ಚುನಾವಣೆಯಲ್ಲಿ ಮತಪತ್ರ ಅರ್ಥವಾಗದೆ ಕಷ್ಟಪಟ್ಟಿದ್ದರಿಂದ ಈ ಸಲ ಮಗನನ್ನು ಜೊತೆಗೆ ತಂದಿದ್ದರು. ಮಗ ಸಿಬ್ಬಂದಿಯ ಬಳಿ, ಅಮ್ಮನಿಗೆ ಇಂಗ್ಲಿಷಿನಿಂದ ಬಂಗಾಳಿಗೆ ಹೇಳಲು ಬಂದಿದ್ದೇನೆ ಎಂದ. ಹಾಗೆಂದದ್ದೇ ತಪ್ಪಾಯಿತು. ಟೆಕ್ಸಸ್ ಕಾನೂನಿನಲ್ಲಿ ಎರಡು ಪದಗಳಿದ್ದವು, ಸಹಾಯಕ ಮತ್ತು ದುಭಾಷಿ. ಸಹಾಯಕ ಯಾರಾದರೂ ಆಗಬಹುದು. ದುಭಾಷಿ ಮಾತ್ರ ಅದೇ ಕೌಂಟಿಯ ನೋಂದಾಯಿತ ಮತದಾರನಾಗಿರಬೇಕು. ಮಗನ ಓಟು ಪಕ್ಕದ ಕೌಂಟಿಯಲ್ಲಿತ್ತು. ತಾಯಿಗೆ ಅವನ ನೆರವು ಸಿಗಲಿಲ್ಲ.

ಒಂದು ಭಾಷೆಯಿಂದ ಇನ್ನೊಂದಕ್ಕೆ ಹೇಳುವುದು ಸಹಾಯವೋ ಅಲ್ಲವೋ ಎಂಬ ಪ್ರಶ್ನೆ ಎರಡು ವರ್ಷ ಕೋ‌ರ್ಟಿನಲ್ಲಿ ನಡೆಯಿತು. ಟೆಕ್ಸಸ್ ಸರ್ಕಾರದ ವಾದ ಇದು: ಓಟು ಹಾಕುವುದೆಂದರೆ ಮತಪತ್ರದಲ್ಲಿ ಗುರುತು ಹಾಕುವುದು, 208ನೇ ಸೆಕ್ಷನ್ ಅಲ್ಲಿಗೆ ಮಾತ್ರ ಅನ್ವಯ. 2017ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಓಟು ಹಾಕುವುದೆಂದರೆ ಮತ ಪರಿಣಾಮಕಾರಿಯಾಗಲು ಬೇಕಾದ ಎಲ್ಲವೂ ಎಂದು ಮೂಲ ಕಾಯ್ದೆಯೇ ಹೇಳಿದೆ. ಮತಗಟ್ಟೆಯಲ್ಲಿ ಮಾತಾಡಿ ತಿಳಿದುಕೊಳ್ಳುವುದೂ ಅದರೊಳಗೇ ಬರುತ್ತದೆ ಎಂದಿತು. ಆ ಹೊತ್ತಿಗೆ ತಾಯಿ ತೀರಿಕೊಂಡಿದ್ದರು. ಅವರ ಜೊತೆ ದಾವೆ ಹೂಡಿದ್ದ ಸಂಘಟನೆ ಮೊಕದ್ದಮೆಯನ್ನು ಕೊನೆಯವರೆಗೆ ನಡೆಸಿತ್ತು.

*

ಇವೆಲ್ಲ ಕಲ್ಲಿನಲ್ಲಿ ಕೊರೆದ ಬರಹವೇನಲ್ಲ. ನಿಯಮ ಬದಲಾಯಿಸುವ ಮುನ್ನ ಕೇಂದ್ರದ ಒಪ್ಪಿಗೆ ಬೇಕೆಂಬ 1965ರ ಕಾಪು 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತುಹೋಯಿತು. ಆರ್ಕನ್ಸಾ ರಾಜ್ಯದ ಕಾನೂನಿನಲ್ಲಿ ಒಬ್ಬರು ಒಂದು ಚುನಾವಣೆಯಲ್ಲಿ ಆರಕ್ಕಿಂತ ಹೆಚ್ಚು ಮತದಾರರಿಗೆ ನೆರವಾಗುವಂತಿಲ್ಲ ಎಂಬ ನಿಯಮ ಬಂತು. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಆದೇಶ ಹೊರಡಿಸಿದರು. ಅಧ್ಯಕ್ಷರ ಆದೇಶ ಸಂಸತ್ತಿನ ಕಾಯ್ದೆಯನ್ನು ಅಳಿಸಲಾರದು, ಹಾಗಾಗಿ 203ನೇ ಸೆಕ್ಷನ್ ಉಳಿದಿದೆ. 2021ರ ಪಟ್ಟಿಯಂತೆ ಅದು 331 ಕಡೆ ಜಾರಿಯಲ್ಲಿದೆ. ಆದರೆ ಅದಕ್ಕೂ ಒಂದು ಕೊನೆಯ ದಿನಾಂಕವಿದೆ: 2032ರ ಆಗಸ್ಟ್. 2006ರಲ್ಲಿ ಕಾಯ್ದೆಯನ್ನು 25 ವರ್ಷಕ್ಕೆ ಮುಂದುವರಿಸಿದಾಗ ಅದಕ್ಕೆ ಇಟ್ಟ ಹೆಸರುಗಳಲ್ಲಿ ಫ್ಯಾನಿ ಲೂ ಹೇಮರ್ ಅವರದೂ ಒಂದು. ಮತ್ತೆ ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸುವವರು ಆಗ ಗೆದ್ದು ಬಂದಿರುವ ಸಂಸದರು.

ಸೆಪ್ಟಿಮಾ ಕ್ಲಾರ್ಕ್ 1975ರಲ್ಲಿ, ತಮ್ಮನ್ನು ಕೆಲಸದಿಂದ ತೆಗೆದ ಚಾರ್ಲ್ಸ್‌ಟನ್ನಿನ ಶಾಲಾ ಮಂಡಳಿಗೆ ಸದಸ್ಯರಾಗಿ ಚುನಾಯಿತರಾದರು. ಮರುವರ್ಷ ರಾಜ್ಯ ಅವರ ಪಿಂಚಣಿಯನ್ನು ಮರಳಿಸಿತು. ಜೆಂಕಿನ್ಸ್ ಅದನ್ನು ನೋಡಲು ಇರಲಿಲ್ಲ, 1972ರಲ್ಲಿ ತೀರಿಕೊಂಡಿದ್ದರು. ಅವರ ಕೊನೆಯ ವರ್ಷಗಳ ಫೋಕ್ಸ್‌ವ್ಯಾಗನ್ ವ್ಯಾನಿನ ಹಿಂಬದಿಯ ತಗಡು ಈಗ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ಪ್ರೀತಿಯೇ ಪ್ರಗತಿ, ದ್ವೇಷ ದುಬಾರಿ ಎಂದು ಅದರ ಮೇಲೆ ಬರೆಸಿದ್ದರು. ಬಸ್ಸಿನ ಹಿಂದೆ ಬರುವವರು ಓದಲಿ ಎಂದು ಬರೆಸಿದ ಮಾತು. ಓದಲು ಬಾರದವರು ಮುಂದಿನ ಬಾಗಿಲಿನಿಂದ ಹತ್ತಿ ಕೂರಬಹುದಿತ್ತು.